ನಡುವೆ ಕೂತ ಭೂಮಿ

ಬಿಸಿ ಅರಗಿನ ವಾಸನೆ ಎಲ್ಲೇ ಬರಲಿ, ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಚನ್ನಪಟ್ಟಣದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ದೊಡ್ಡಪ್ಪ ಗೊಂಬೆ ಮಾಡುತ್ತಿದ್ದ. ಆವತ್ತು ಮಧ್ಯಾಹ್ನ, ಗೊಂಬೆ ಅಂಗಡಿಯ ಸಾಹುಕಾರರು ಯಾವುದೋ ಶಾಲೆಗೆಂದು ಮಾಡಲು ಹೇಳಿದ್ದ ಸೌರಮಂಡಲ ಜೋಡಿಸುತ್ತಿದ್ದ. ಭೂಮಿಯ ಮರದುಂಡೆಗೆ ನೀಲಿ, ಹಸಿರು, ಬಿಳಿ ಅರಗಿನ ಪಟ್ಟೆ ಹತ್ತಿಸಿ, ತಾಳೆಗರಿ ಒತ್ತಿ, ಮುಖ ಕಾಣುವಷ್ಟು ಹೊಳಪು ತಂದಿದ್ದ. ಅದನ್ನೇ ನಡುವಿನ ಕಂಬಕ್ಕೆ ಸಿಕ್ಕಿಸಿದ. ಬರೀ ಹಳದಿ ಬಣ್ಣದ ಸೂರ್ಯನ ಉಂಡೆ ಪಕ್ಕದ ತಂತಿಗೆ ಹೋಯಿತು.

"ದೊಡ್ಡಪ್ಪ, ನಡುವೆ ಸೂರ್ಯ ಇರ್ಬೇಕು. ಭೂಮಿನೇ ಅದ್ರ ಸುತ್ತ ತಿರುಗೋದು. ಸ್ಕೂಲಲ್ಲಿ ಹೇಳ್ಕೊಟ್ಟವ್ರೆ," ಎಂದೆ.

"ಎಲ್ಲಕ್ಕಿಂತ ಜಾಸ್ತಿ ಕೆಲ್ಸ ಹಿಡ್ದಿರೋದು ಇದಕ್ಕೆ. ಇದನ್ನ ಮೂಲೆಗೆ ಹಾಕ್ಲಾ? ನಂಗೇ ಹೇಳ್ಕೊಡೋಕೆ ಬಂದ್ಬುಟ್ಲು!" ಕೆನ್ನೆಗೆ ಒಂದು ಬಿತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ದೊಡ್ಡೋರ್ಗೆ ಎದುರು ಮಾತಾಡ್ತೀಯಾ?" ಎಂದು ನನ್ನನ್ನೇ ಗದರಿದಳು.

ಸ್ವಲ್ಪ ಹೊತ್ತಿಗೆ ಸಾಹುಕಾರರು ಬಂದರು. ನೋಡಿದವರೇ ನಕ್ಕರು. "ಏನಯ್ಯ, ನಡುವೆ ಬರೋದು ಸೂರ್ಯ ಅಲ್ವಾ?"

"ಹೌದಲ್ವಾ ಸ್ವಾಮಿ! ನೀವು ಹೇಳಿದ್ಮೇಲೆ ಮುಗೀತು," ಎನ್ನುತ್ತ ದೊಡ್ಡಪ್ಪ ಭೂಮಿಯನ್ನು ಕಿತ್ತು, ಅಲ್ಲಿ ಸೂರ್ಯನನ್ನು ಸಿಕ್ಕಿಸಿದ. ಅವರು ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ಇನ್ನೂ ಉರಿಯುತ್ತಿದ್ದ ಕೆನ್ನೆ ಸವರಿ, ಪ್ರೀತಿಯಿಂದಲೇ ಹೇಳಿದ:

"ನೋಡ್ಕೊ ಅಮ್ಮಿ, ನಡುವೆ ಇರೋದು ಸೂರ್ಯ. ಭೂಮಿ ಅದ್ರ ಸುತ್ತ ತಿರುಗ್ತದೆ. ಗೊತ್ತಾಯ್ತಾ?"