ಬಾಗಿಲ ಸಂದಿನ ಪಾದಗಳು

ತೆರೆಯ ಮೇಲಿನ ಗಂಡ ಕೆಮ್ಮುತ್ತಿದ್ದ ಹೆಂಡತಿಯನ್ನು ಕೋಣೆಯೊಳಗೆ ತಳ್ಳಿ ಚಿಲಕ ಹಾಕಿದಾಗ, ಅಕ್ಕ ತನ್ನ ಪಕ್ಕದ ಸೀಟಿನಲ್ಲಿದ್ದ ತಂಗಿಯ ಕಿವಿಗೆ ಬಾಗಿ, "ನಿಮ್ಮ ಯಜಮಾನ್ರು" ಎಂದಳು.

ತಂಗಿಗೆ ಇದು ಹೊಸದಲ್ಲ. ರೋಗದ ವರ್ಷ ಅವಳು ಒಂದೆರಡು ಸಲ ಸೀನಿದ್ದಕ್ಕೆ ಅವಳ ಗಂಡ ದಿಂಬು, ಚಾರ್ಜರು ಎತ್ತಿಕೊಂಡು ಮಹಡಿಯ ಮೇಲಿದ್ದ ತನ್ನ ಅಮ್ಮನ ಮನೆಗೆ ಏರಿದ್ದ. ಅದು ಬರೀ ಧೂಳಿನ ಸೀನು ಎಂದು ಖಾತ್ರಿಯಾಗುವವರೆಗೆ ಕೆಳಗಿಳಿಯಲಿಲ್ಲ. ಅಕ್ಕನ ಗಂಡನೋ, ಹೆಂಡತಿ ನಿಜವಾದ ಜ್ವರದಲ್ಲೇ ಒಳಕೋಣೆಯಲ್ಲಿ ಮಲಗಿದ್ದಾಗ ಮುಚ್ಚಿದ ಬಾಗಿಲ ಹೊರಗೆ ಗಂಟೆಗಟ್ಟಲೆ ನಿಂತಿದ್ದವನು. ಬಾಗಿಲ ಕೆಳಗಿನ ಸಂದಿನಲ್ಲಿ ಅವನ ಪಾದಗಳ ನೆರಳು ಅಲ್ಲಾಡದೆ ಇರುತ್ತಿತ್ತಂತೆ. "ಇದ್ದೀರಾ?" ಎಂದು ಕೇಳಿದರೆ ಉತ್ತರವಿಲ್ಲ, ಪಾಪ, ಗಂಟಲು ಕಟ್ಟಿರುತ್ತಿತ್ತು. ಮಾತ್ರೆಗಿಂತ ಹೆಚ್ಚಾಗಿ ಆ ನೆರಳೇ ತನ್ನನ್ನು ಉಳಿಸಿದ್ದು ಎಂದು ಅಕ್ಕ ನಾಲ್ಕು ಜನ ಸೇರಿದಲ್ಲೆಲ್ಲ ಹೇಳುತ್ತಿದ್ದಳು. ನೆಂಟರ ಪೈಕಿ ಗಂಡಂದಿರಿಗೆ ಯಾರಿಗೂ ಆ ಪಾದಗಳನ್ನು ಕಂಡರೆ ಆಗುತ್ತಿರಲಿಲ್ಲ.

ಸಿನಿಮಾದಲ್ಲಿ ಊರಿಗೆ ಊರೇ ಸೋಂಕಿಗೆ ಸಿಕ್ಕಿತ್ತು. ಅಪ್ಪ ಮಗನನ್ನು ನಂಬುತ್ತಿರಲಿಲ್ಲ, ಅತ್ತೆ ಸೊಸೆಯನ್ನು ನಂಬುತ್ತಿರಲಿಲ್ಲ. ಎರಡನೆಯದಕ್ಕೆ ರೋಗ ಯಾಕೆ ಬೇಕಿತ್ತು ಎಂದು ತಂಗಿ ಗೊಣಗಿದಳು. ಇದೆಲ್ಲ ಹೆದರಿಸುವುದಕ್ಕೆ ಮಾಡುವುದು, ಮನುಷ್ಯರು ಹೀಗಿರುವುದಿಲ್ಲ ಎಂದು ಅಕ್ಕ ಸಮಾಧಾನ ಹೇಳಿದಳು. ಅವಳ ಇನ್ನೊಂದು ಪಕ್ಕದಲ್ಲಿ ಆ ಪಾದಗಳ ಒಡೆಯ ಕಣ್ಣು ಮುಚ್ಚಿ ಕುಳಿತಿದ್ದ. ಸಿನಿಮಾಗಳಿಗೆ ಸದ್ದು ಕೂಡಿಸುವುದು ಅವನ ಕಸುಬು. ಹೆಜ್ಜೆ, ಗಾಳಿ, ಬಾಗಿಲ ಕಿರ್ರೆನ್ನುವಿಕೆ. ಮೂಳೆ ಮುರಿಯುವ ದೃಶ್ಯವಿದ್ದ ವಾರ ಅಡುಗೆಮನೆಯ ಮೂಲಂಗಿಯೆಲ್ಲ ಮೈಕಿನ ಮುಂದೆ ಮುರಿದು ಖಾಲಿ. ಈ ಸಿನಿಮಾದ ಸದ್ದೂ ಅವನದೇ. ತನ್ನ ಕೆಲಸವಿದ್ದ ಸಿನಿಮಾವನ್ನು ಅವನು ನೋಡುತ್ತಿರಲಿಲ್ಲ, ಕೇಳುತ್ತಿದ್ದ.

ಚಿಲಕ ಬಿದ್ದ ಬಾಗಿಲ ಹಿಂದೆ ಕೆಮ್ಮು ಮತ್ತೆ ಶುರುವಾಯಿತು. ಇದು ನಟಿಯ ಕೆಮ್ಮಲ್ಲ. ಎದೆಯ ಬುಡದಿಂದ ಎದ್ದು, ಕೊನೆಗೆ ಸಣ್ಣದೊಂದು ಸಿಳ್ಳೆಯಾಗಿ ಮುಗಿಯುತ್ತಿತ್ತು. ಮುಂದಿನ ಸಾಲಿನವನೊಬ್ಬ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡ. ಆಮೇಲೆ ಬಾಗಿಲ ಹಿಂದಿನಿಂದಲೇ, ಸೋತ ಹೆಣ್ಣು ಧ್ವನಿಯೊಂದು ಕೇಳಿತು: "ಇದ್ದೀರಾ?"

ಪಾಪ್‌ಕಾರ್ನ್ ಅಗಿಯುವವರೂ ಅಗಿಯುವುದನ್ನು ನಿಲ್ಲಿಸಿದರು.

"ಅಕ್ಕಾ, ಇದು ನೀನು" ಎಂದಳು ತಂಗಿ.

ಅಕ್ಕ ಗಂಡನ ಕಡೆ ತಿರುಗಿದಳು. ಅವನು ಕಣ್ಣು ತೆರೆದು, ಜನ ಉಸಿರು ಬಿಗಿಹಿಡಿದು ಕುಳಿತದ್ದನ್ನು ತೃಪ್ತಿಯಿಂದ ನೋಡಿದ.

ಮಧ್ಯಂತರದಲ್ಲಿ ಅವನೇ ಮೂವರಿಗೂ ಕಾಫಿ ತಂದ. ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂದು ಅವನಿಗೆ ಹೊಳೆದಿರಲೇ ಇಲ್ಲ, ಹಾಗಾಗಿ ಕೇಳುವ ಮೊದಲೇ ಹೇಳತೊಡಗಿದ. ಎಂಥ ಕಲಾವಿದರನ್ನು ಕರೆಸಿದರೂ ಅಂಥ ಕೆಮ್ಮು ಸಿಗುವುದಿಲ್ಲ. ಮರದ ಬಾಗಿಲಿನ ಮೂಲಕ ಬಂದರಂತೂ ಅದರ ತೂಕವೇ ಬೇರೆ. ಅಷ್ಟು ಹೊತ್ತು ಮೈಕು ಹಿಡಿದು ಮಿಸುಕಾಡದೆ ನಿಂತು ಸೊಂಟ ಬಿದ್ದುಹೋಗಿತ್ತು. ಆ "ಇದ್ದೀರಾ" ಕೇಳಿ ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತರಂತೆ.

"ನಾನು ಕರೀತಾನೇ ಇದ್ದೆ" ಎಂದಳು ಅಕ್ಕ. "ಒಂದು ಸಲನಾದ್ರೂ ಹೂಂ ಅನ್ನಬಹುದಿತ್ತು."

"ಹೂಂ ಅಂದಿದ್ರೆ ಅದೂ ರೆಕಾರ್ಡ್ ಆಗ್ಬಿಡ್ತಿತ್ತಲ್ಲೇ."

ತಂಗಿ ಕಾಫಿಯ ಲೋಟದೊಳಗೆ ನೋಡುತ್ತ, "ನಮ್ಮೋರು ಸದ್ದಾದ್ರೂ ಮಾಡ್ಕೊಂಡು ಓಡಿದ್ರು, ಭಾವ" ಎಂದಳು.

"ನಾನೇನು ಓಡಿದ್ನಾ? ಅಲ್ಲೇ ನಿಂತಿದ್ನೋ ಇಲ್ವೋ, ನಿಮ್ಮಕ್ಕನೇ ಹೇಳ್ಲಿ."

ನಿಂತಿದ್ದ. ಅದನ್ನು ಇಲ್ಲವೆನ್ನುವ ಹಾಗಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಸಾರಿದವಳು ಅವಳೇ. ಅಕ್ಕ ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ಕಸದ ಬುಟ್ಟಿಗೆ ಹಾಕಿ, "ಬೆಲ್ ಆಯ್ತು, ನಡೀರಿ" ಎಂದಳು.

ಆ ವಾರವೇ ಅವನಿಗೆ ನೆಗಡಿಯಾಗಿ ಮೈ ಬೆಚ್ಚಗಾಯಿತು. ಅವಳು ಅದೇ ಒಳಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟಳು. ನೀರು, ಮಾತ್ರೆ, ಹಣೆಗೆ ಒದ್ದೆಬಟ್ಟೆ ಎಲ್ಲವನ್ನೂ ಕೈಗೆ ಸಿಗುವಂತೆ ಇಟ್ಟು ಬಾಗಿಲು ಮುಚ್ಚಿಕೊಂಡು ಹೋದಳು. ಯಾವುದಕ್ಕೂ ಬೆರಳು ತೋರಿಸುವಂತಿರಲಿಲ್ಲ. ಮಧ್ಯಾಹ್ನ ಅವನಿಗೆ ಎಚ್ಚರವಾದಾಗ ಬಾಗಿಲ ಸಂದಿನಲ್ಲಿ ಎರಡು ಪಾದಗಳ ನೆರಳು ಕಂಡಿತು.

"ಇದ್ದೀಯಾ?" ಎಂದ.

ಉತ್ತರ ಬರಲಿಲ್ಲ. ಕಸುಬಿನ ಕಿವಿಯಲ್ಲವೇ, ಸುಮ್ಮನಿರದೆ ಆಲಿಸಿತು: ಸೀರೆಯ ಸರಬರವಿಲ್ಲ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ್ದಿಲ್ಲ, ಉಸಿರಿನ ಸುಳಿವೂ ಇಲ್ಲ. ಇಷ್ಟು ಹೊತ್ತು ಹೀಗೆ ನಿಲ್ಲುವುದು ತನಗೂ ಆಗದ ಕೆಲಸ ಎಂದು ಮೆಚ್ಚಿಕೊಂಡು, ನೆಮ್ಮದಿಯಿಂದ ಮಗ್ಗುಲು ಬದಲಿಸಿ ನಿದ್ದೆ ಹೋದ.

ಸಂಜೆ ಹೊತ್ತಿಗೆ ನೀರು ಮುಗಿದು, ಒಂದೆರಡು ಸಲ ಕರೆದು ನೋಡಿ, ತಾನೇ ಎದ್ದು ಬಾಗಿಲು ತೆಗೆದ. ಬಾಗಿಲಿಗೆ ತುದಿ ತಾಗಿಸಿ, ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ ಇಟ್ಟಿದ್ದವು ಅವಳ ಚಪ್ಪಲಿ.