ಮದುವೆಗೆ ಮುಂಚೆ ಒಂದು ಕಲ್ಲು

ಮದುವೆಗೆ ಹದಿನೆಂಟು ದಿನ ಇರುವಾಗ ವೀರೇಂದ್ರ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದ. ವಿದ್ಯಾನಗರದ ಮನೆಯಲ್ಲಿ ಮೈತ್ರಿ ತಂದಿಟ್ಟ ಕಾಫಿಯನ್ನು ಮುಟ್ಟದೆ, "ಈ ಮದುವೆ ಬೇಡ ಮೇಡಂ" ಎಂದುಬಿಟ್ಟ.

ಮೈತ್ರಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ನಲವತ್ತನಾಲ್ಕರವರೆಗೆ ಮದುವೆಯ ಗೊಡವೆಗೇ ಹೋಗದಿದ್ದವಳು, ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಈ ಮೋಟರ್ ವೈಂಡಿಂಗ್ ಅಂಗಡಿಯವನನ್ನು ತಾನೇ ನೋಡಿ, ತಾನೇ ಒಪ್ಪಿದ್ದಳು. ಈಗ ಅಳಲಿಲ್ಲ, ರೇಗಲೂ ಇಲ್ಲ.

"ಬೇಡ ಅನ್ನೋದಕ್ಕೂ ಒಂದು ಕಾರಣ ಇರುತ್ತಲ್ಲ. ಹೇಳಿ."

ಬಸ್ಸಿನಲ್ಲಿ ಅವನು ಜಾತಕದ ಸುಳ್ಳೊಂದನ್ನು ಹೊಂದಿಸಿಕೊಂಡಿದ್ದ. ಅವಳ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ. ನಿಜವನ್ನೇ ಹೇಳಿದ. ಒಂದು ವರ್ಷದಿಂದ ಮೂತ್ರ ಹೋಗುತ್ತ ಹೋಗುತ್ತ ನಡುವೆ ಗಕ್ಕನೆ ನಿಂತುಬಿಡುತ್ತಿತ್ತು. ಮಗ್ಗುಲಿಗೆ ವಾಲಿ, ಮೈ ಅಲುಗಿಸಿ ಮತ್ತೆ ಬರಿಸಬೇಕು. ಕೊನೆಗೆ ತುದಿಯಲ್ಲಿ ಸೂಜಿ ಚುಚ್ಚಿದಂಥ ನೋವು. ಹೋದ ತಿಂಗಳು ರಕ್ತವೂ ಬಂತು. ಮೊನ್ನೆ ಸ್ಕ್ಯಾನ್ ಮಾಡಿಸಿದರೆ ಮೂತ್ರಕೋಶದಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಕಲ್ಲು. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದ.

"ಅಷ್ಟೇ ತಾನೆ, ತೆಗೆಸಿದ್ರಾಯ್ತು" ಎಂದಳು ಮೈತ್ರಿ.

"ಅಷ್ಟೇ ಅಲ್ಲ ಮೇಡಂ." ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಸರಿಸಿದ. "ನಾಲ್ಕೈದು ತಿಂಗಳಿಂದ, ಗಂಡಸಿಗೆ ಆಗಬೇಕಾದ್ದು ನನಗೆ ಆಗ್ತಿಲ್ಲ. ಆದಾಗಲೂ ನೋವು. ಇನ್ನು ಆಪರೇಷನ್ ಆದ್ರೆ ಅದು ಪೂರ್ತಿ ಮುಗಿದ ಹಾಗೇ ಅಂತೆ. ಗೊತ್ತಿದ್ದೂ ನಿಮಗೆ ಮೋಸ ಮಾಡೋಕೆ ನನ್ನಿಂದಾಗಲ್ಲ."

"ಮುಗಿದ ಹಾಗೆ ಅಂತ ಡಾಕ್ಟ್ರು ಹೇಳಿದ್ರಾ?"

"ಇಲ್ಲ. ಬಂಗಾರಪ್ಪ ಅಂತ, ನಮ್ಮ ಅಂಗಡಿ ಪಕ್ಕದವನು."

"ಅವರಿಗೇನು ಕೆಲಸ?"

"ಲಾರಿ ಬ್ರೋಕರ್."

"ಲಾರಿ ಬೇಕಾದಾಗ ಅವರನ್ನ ಕೇಳೋಣ. ಇದನ್ನ ಡಾಕ್ಟ್ರನ್ನೇ ಕೇಳೋಣ. ಮೊದಲು ಕಾಫಿ ಕುಡೀರಿ, ಆರೋಯ್ತು."

ಮರುದಿನ ಮೂತ್ರರೋಗ ತಜ್ಞ ಡಾಕ್ಟರ್ ದುಷ್ಯಂತ್ ಸ್ಕ್ಯಾನ್ ನೋಡಿ, ಮೈತ್ರಿಯ ಕಡೆ ತಿರುಗಿ, "ನೀವು ಸ್ವಲ್ಪ ಹೊರಗಿರ್ತೀರಾ?" ಎಂದ. ವೀರೇಂದ್ರನೇ, "ಇರಲಿ ಡಾಕ್ಟ್ರೇ, ಇವರಿಗೆ ಎಲ್ಲ ಗೊತ್ತು" ಎಂದ. ಹಾಗೆ ಹೇಳಿದ್ದೇ ತಡ, ತಿಂಗಳುಗಟ್ಟಲೆ ಬಿಗಿಹಿಡಿದಿದ್ದ ಹೆಗಲು ತನ್ನಷ್ಟಕ್ಕೆ ಕೆಳಗಿಳಿದದ್ದು ಅವನಿಗೇ ಗೊತ್ತಾಯಿತು.

ಡಾಕ್ಟರ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಪ್ರಾಸ್ಟೇಟ್ ಗ್ರಂಥಿ ಊದಿ ದಾರಿ ಕಟ್ಟಿದೆ. ಮೂತ್ರ ಪೂರ್ತಿ ಖಾಲಿಯಾಗದೆ ಒಳಗೇ ನಿಂತು ಕಲ್ಲಾಗಿದೆ. "ಕಲ್ಲು ಉಜ್ಜಿ ಉಜ್ಜಿ ಒಳಗೆಲ್ಲ ಕೆಂಪಾಗಿದೆ, ಸೋಂಕೂ ಇದೆ. ಇಷ್ಟು ನೋವಿರೋ ಮೈಗೆ ಆಸೆ ಎಲ್ಲಿಂದ ಬರ್ಬೇಕು? ಜೊತೆಗೆ ಹೆದರಿಕೆ ಬೇರೆ. ಹೊಟ್ಟೆ ಕುಯ್ಯೋದೇನಿಲ್ಲ. ಮೂತ್ರದ ದಾರಿಯಲ್ಲೇ ಹೋಗಿ ಲೇಸರ್‌ನಲ್ಲಿ ಪುಡಿ ಮಾಡಿ ತೆಗೀತೀವಿ. ಪ್ರಾಸ್ಟೇಟ್‌ಗೆ ಸದ್ಯಕ್ಕೆ ಮಾತ್ರೆ ನೋಡೋಣ. ನೂರಕ್ಕೆ ನೂರು ಅಂತ ಬರ್ಕೊಡಲ್ಲ, ಆದರೆ ಕಲ್ಲು ಹೋದ್ಮೇಲೆ ಹೆಚ್ಚಿನವರು ಮೊದಲಿನ ಹಾಗೇ ಆಗ್ತಾರೆ."

"ಇನ್ನು ಹದಿನೇಳು ದಿನಕ್ಕೆ ನಮ್ಮ ಮದುವೆ" ಎಂದಳು ಮೈತ್ರಿ. "ಮಾಡ್ಕೋಬಹುದಾ?"

ಡಾಕ್ಟರ್ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದ. "ಧಾರಾಳವಾಗಿ ಮಾಡ್ಕೊಳ್ಳಿ. ಉಳಿದದ್ದಕ್ಕೆ ಒಂದು ತಿಂಗಳು ರಜ."

ವೀರೇಂದ್ರನ ಕಿವಿ ಬಿಸಿಯಾಯಿತು. ಮೈತ್ರಿ, "ನಲವತ್ತನಾಲ್ಕು ವರ್ಷ ಕಾದಿದ್ದೀನಿ, ಒಂದು ತಿಂಗಳೇನು ಮಹಾ" ಎಂದಳು. ಮೂವರೂ ನಕ್ಕರು. ಎಷ್ಟೋ ದಿನದ ಮೇಲೆ ಅವನ ನಗು ಹೊಟ್ಟೆಯಿಂದ ಬಂತು.

ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು. ಕೌಂಟರಿನ ಹುಡುಗಿ ದಾಖಲಾತಿಯ ಅರ್ಜಿಯನ್ನು ಮೈತ್ರಿಯ ಮುಂದೆ ತಳ್ಳಿದಳು. ರೋಗಿಯ ಹೆಸರು, ವಯಸ್ಸು, ಊರು, ಜೊತೆಗಿರುವವರ ಹೆಸರು. ಎಲ್ಲವನ್ನೂ ದುಂಡಗೆ ತುಂಬಿದ ಮೈತ್ರಿ, ರೋಗಿಗೆ ಏನಾಗಬೇಕು ಎಂಬ ಸಾಲಿಗೆ ಬಂದು ಅರೆಗಳಿಗೆ ನಿಂತಳು. ಹೆಂಡತಿ ಎಂದು ಬರೆದುಬಿಡುತ್ತಾಳೆ ಎಂದುಕೊಂಡ ವೀರೇಂದ್ರ. ಅವಳು 'ಮದುವೆಯಾಗುವವಳು' ಎಂದು ಬರೆದಳು.

ಹುಡುಗಿ ಕಂಪ್ಯೂಟರ್ ನೋಡಿ ತಲೆಯಾಡಿಸಿದಳು. "ಮೇಡಂ, ಹೆಂಡತಿ, ಅಕ್ಕ, ತಂಗಿ, ತಾಯಿ, ಮಗಳು, ಇಷ್ಟೇ ಇರೋದು. ಇದು ಲಿಸ್ಟ್‌ನಲ್ಲಿ ಇಲ್ಲ."

"ಇಲ್ದಿದ್ರೆ ಸೇರಿಸ್ಕೊಳ್ಳಮ್ಮ" ಎಂದಳು ಮೈತ್ರಿ.