ನೋವು ಹೊರುವ ರೂಢಿ

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೆ ನೀಲಕಂಠಪ್ಪನ ಗಂಟಲಿನ ಆಪರೇಷನ್ ಮಾಡಿದ್ದರು.

"ಮಾರ್ಫಿನ್ ಕೊಟ್ರ ನೋವು ಪೂರಾ ಹೋಗತೈತಿ, ಆದ್ರ ಮಲಗಿದಾಗ ಉಸಿರೂ ನಿಲ್ಲಬಹುದು. ಟ್ರಮಡಾಲ್ ಹಗೂರ, ಸಾಲಂಗಿಲ್ಲ. ಮನಿಯವರು ಯಾರರ ನೋವು ಹೊತ್ಕೊಂಡ್ರ ಚಲೋ," ಎಂದು ಡಾಕ್ಟರು ಎಂದಿನಂತೆ, ರೋಗಿಯ ನೋವನ್ನು ಕಟ್ಟಿಕೊಂಡವರಿಗೆ ವರ್ಗಾಯಿಸುವ ಕೈಪಟ್ಟಿಯನ್ನು ಚಾಚಿದರು.

ಎಲ್ಲರೂ ಹೆಂಡತಿ ನಿಂಗವ್ವನತ್ತ ತಿರುಗಿದರು. ಅತ್ತೆಯ ಮೊಣಕಾಲು, ನಾದಿನಿಯ ಹೆರಿಗೆ, ಎಲ್ಲದರ ನೋವನ್ನೂ ಅವಳೇ ಹೊತ್ತಿದ್ದಳು.

"ಕಟ್ಕೋರಿ ವೈನಿ, ಹೆಣ್ಮಕ್ಕಳಿಗೆ ರೂಢಿ ಇರತೈತಿ," ಎಂದ ಮೈದುನ ಮಹಾಂತೇಶ, ಬಾಯಿ ತುಂಬ ಬಾಳೆಹಣ್ಣು ಇಟ್ಟುಕೊಂಡೇ.

ನಿಂಗವ್ವನ ಪಿತ್ತ ನೆತ್ತಿಗೇರಿತು. ಪಟ್ಟಿಯನ್ನು ಕಸಿದು ಅವನ ಕೈಗೇ ಬಿಗಿದಳು. ಹಾಸಿಗೆಯಲ್ಲಿ ನೀಲಕಂಠಪ್ಪನ ಮುಖ ಸಡಿಲಾಯಿತು. ಮಹಾಂತೇಶ ಚೀರಲು ಹೋದ. ದನಿ ಹೊರಡಲಿಲ್ಲ, ಹಣ್ಣೂ ಗಂಟಲಿಗೆ ಇಳಿಯಲಿಲ್ಲ.

"ನುಂಗೋ," ಎಂದಳು ನಿಂಗವ್ವ. "ರೂಢಿ ಆಗತೈತಿ."